ಮದ್ದು ಯಾವುದಾದರೇನು ಅನ್ನುವವರಿಗೆ

ಜನವರಿಯಲ್ಲಿ ಕದ್ರಿ ಜಾತ್ರೆ ಬಂತೆಂದರೆ ನಮ್ಮ ಮನೆಯಲ್ಲಿ ನೆಂಟರಿಗೆ ಕಡಿಮೆ ಇಲ್ಲ. ದೇವಸ್ಥಾನ ನಡೆದು ಹೋಗುವಷ್ಟು ಹತ್ತಿರ, ಹಾಗಾಗಿ ಎಲ್ಲರಿಗೂ ನಮ್ಮ ಮನೆಯೇ ಬಿಡಾರ. ಈ ಸಲ ಟೆಕ್ಸಾಸಿನಿಂದ ದೊಡ್ಡಮ್ಮನ ಮಗ ಅಣ್ಣ ಬಂದಿದ್ದ. ಘಟ್ಟದ ಬುಡದ ಊರಿನಿಂದ ಮಾವನೂ ಬಂದಿದ್ದರು. ರಾತ್ರಿ ಊಟ ಮುಗಿಸಿ ಚಾವಡಿಯಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದಾಗ ದೂರದಲ್ಲಿ ಬೆಡಿ ಹಾರಿದ ಸದ್ದು ಕೇಳಿತು. ಅಲ್ಲಿಂದ ಮಾತು ಮದ್ದಿಗೆ ತಿರುಗಿತು.

ಇಂಜಿನಿಯರಿಂಗ್ ಓದುವ ನನ್ನ ಮಗನಿಗೆ ಯೂಟ್ಯೂಬ್ ಹುಚ್ಚು. "ದೊಡ್ಡಪ್ಪ, ನೀವು ಅಲ್ಲಿ ರೈಫಲ್ಲಿಗೆ ತೋಟೆ ನೀವೇ ತುಂಬಿಸ್ತೀರಂತೆ, ಹೌದಾ?" ಅಂತ ಶುರು ಮಾಡಿದ. ಅಣ್ಣ ಹೌದೆಂದ. ಹಾರಿಸಿ ಖಾಲಿಯಾದ ಹಿತ್ತಾಳೆ ಕೊಳವೆಗೆ ಹೊಸ ಕೇಪು, ಹೊಸ ಮದ್ದು, ಹೊಸ ಗುಂಡು ಹಾಕಿ ಮತ್ತೆ ಬಳಸುವುದು. ಅಲ್ಲಿ ಸ್ವಂತಕ್ಕೆ ತುಂಬಿಸಿಕೊಳ್ಳಲು ಲೈಸೆನ್ಸ್ ಬೇಡವಂತೆ, ಎಷ್ಟೋ ಜನರಿಗೆ ಅದು ಭಾನುವಾರದ ಹವ್ಯಾಸ.

ಮಗನಿಗೆ ಉತ್ಸಾಹ ಬಂತು. "ಹಾಗಾದ್ರೆ ಅಜ್ಜನ ಕೋವಿಗೂ ನಾವೇ ಮಾಡ್ಬಹುದಲ್ಲ? ಮದ್ದು ಒಂದು ಸಿಕ್ಕಿದ್ರೆ ಆಯ್ತು. ಯಾವುದಾದ್ರೇನು?"

ಮಾವ ಅಷ್ಟು ಹೊತ್ತು ಸುಮ್ಮನಿದ್ದವರು ಎಡಗೈ ಮುಂದೆ ಚಾಚಿ, "ಯಾವುದಾದ್ರೇನು ಅಂತ ನಾನೂ ಹೇಳಿದ್ದೆ ಮಾರಾಯ, ಇದು ನೋಡು" ಅಂದರು. ಆ ಕೈಯಲ್ಲಿ ಹೆಬ್ಬೆರಳಿಲ್ಲ. ತೋರುಬೆರಳು ಅರ್ಧ ಮಾತ್ರ ಉಂಟು.

ಆ ರಾತ್ರಿ ಕೇಳಿದ್ದು, ಆಮೇಲೆ ನಾನು ಓದಿ ತಿಳಿದುಕೊಂಡದ್ದು, ಎರಡನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ನನ್ನ ಮಗನ ಹಾಗೆ ಕೇಳುವ ಹುಡುಗರು ಇನ್ನೂ ಇದ್ದಾರು, ಮಾವನ ಹಾಗೆ ಅಂದುಕೊಂಡ ಹಿರಿಯರೂ ಇದ್ದಾರು ಅನ್ನುವ ಕಾರಣಕ್ಕೆ.

ಮೊದಲು ಮಾವನ ಕತೆ.

ನಮ್ಮ ಕಡೆ ತೋಟ ಇದ್ದವರ ಮನೆಯಲ್ಲಿ ಬೆಳೆ ರಕ್ಷಣೆಯ ಲೈಸೆನ್ಸಿನ ಕೋವಿ ಇರುವುದು ಹೊಸ ವಿಷಯ ಅಲ್ಲ. ಮಂಗ ಎಳನೀರು ಉಳಿಸುವುದಿಲ್ಲ, ಹಂದಿ ಗದ್ದೆ ಉಳಿಸುವುದಿಲ್ಲ. ಮಾವನದ್ದು ಅವರ ಅಪ್ಪನ ಕಾಲದ ಕೇಪಿನ ಕೋವಿ. ಬಾಯಿಯಿಂದ ಕರಿಮದ್ದು ಸುರಿದು, ತೆಂಗಿನ ನಾರು ತುರುಕಿ, ಮೇಲೆ ಚರೆ ಹಾಕುವ ಜಾತಿಯದ್ದು. ಮದ್ದು ಅಳೆಯಲು ಮನೆಯಲ್ಲಿ ಒಂದು ಸಣ್ಣ ಬಿದಿರಿನ ಅಂಡೆ ಇತ್ತಂತೆ. ಅದರ ತುಂಬಾ ಒಂದು ಸಲ, ಅಷ್ಟೇ ಲೆಕ್ಕ. ಅವರ ಅಪ್ಪ ಹಾಕುತ್ತಿದ್ದದ್ದೂ ಅಷ್ಟೇ.

1980ರ ದಶಕದ ಒಂದು ಮಳೆಗಾಲ. ಡಬ್ಬಿಯಲ್ಲಿದ್ದ ಕರಿಮದ್ದು ತೇವ ಕುಡಿದು ಗಟ್ಟಿಯಾಗಿತ್ತು. ಪೇಟೆಗೆ ಹೋಗಿ ತರೋಣ ಎಂದರೆ ಹೊಳೆ ತುಂಬಿತ್ತು. ಪಕ್ಕದ ಮನೆಯವರಲ್ಲಿ ಹನ್ನೆರಡು ಬೋರಿನ ತೋಟೆ ಕೋವಿ ಇತ್ತು. ಅವರ ಹತ್ತಿರ ನಾಲ್ಕು ತೋಟೆ ಕೇಳಿ ತಂದು, ಚಾಕುವಿನಲ್ಲಿ ಕತ್ತರಿಸಿ, ಒಳಗಿನ ಮದ್ದನ್ನು ತೆಗೆದರು. ನೋಡಲಿಕ್ಕೆ ಅದೂ ಕಪ್ಪೇ, ಸಣ್ಣ ಸಣ್ಣ ಹಲ್ಲೆ. ಅದೇ ಬಿದಿರಿನ ಅಂಡೆಯಲ್ಲಿ ಅಷ್ಟೇ ಅಳೆದು ಸುರಿದರು. ತೋಟದ ಅಂಚಿಗೆ ಹೋಗಿ ಕುದುರೆ ಎಳೆದದ್ದು ಮಾತ್ರ ಅವರಿಗೆ ನೆನಪು. ನಳಿಗೆ ಹಿಂದುಗಡೆಯಲ್ಲಿ ಬಾಳೆ ಸಿಪ್ಪೆ ಹಾಗೆ ಸೀಳಿತ್ತಂತೆ. ಯಾರದ್ದೋ ಜೀಪಿನಲ್ಲಿ ಹಾಕಿಕೊಂಡು ಮಂಗಳೂರಿಗೆ ತರುವಾಗ ಅತ್ತೆ ಹೊಟ್ಟೆಯಲ್ಲಿ ಎರಡನೆಯ ಮಗು. ಕಣ್ಣು ಉಳಿದದ್ದು ದೇವರ ದಯೆ ಅಂತ ಅತ್ತೆ ಇಂದಿಗೂ ಹೇಳುತ್ತಾರೆ.

ಎಲ್ಲಿ ತಪ್ಪಿತು? ಮದ್ದು ಹೆಚ್ಚು ಹಾಕಿದ್ದಲ್ಲ, ಅಳತೆ ಅದೇ ಇತ್ತು. ಮದ್ದೇ ಬೇರೆಯಿತ್ತು.

ಕರಿಮದ್ದು ಅಂದರೆ ಪೆಟ್ಲುಪ್ಪು, ಇದ್ದಿಲು, ಗಂಧಕ ಸೇರಿದ್ದು. ನೂರಾರು ವರ್ಷ ಲೋಕದಲ್ಲಿ ಇದ್ದದ್ದು ಅದೊಂದೇ. ಈಗಿನ ತೋಟೆಗಳಲ್ಲಿ ಇರುವುದು ಹೊಗೆರಹಿತ ಮದ್ದು. ಅದನ್ನು 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇ ಮಾಡಿ ತೋರಿಸಿದ. 1887ರಲ್ಲಿ ಆಲ್‌ಫ್ರೆಡ್ ನೊಬೆಲ್ ತನ್ನದೊಂದನ್ನು ತಂದ, ಎರಡು ವರ್ಷ ಬಿಟ್ಟು ಇಂಗ್ಲಿಷರು ಕಾರ್ಡೈಟ್ ಮಾಡಿದರು. ಇದರ ಮೂಲ ವಸ್ತು ನೈಟ್ರೋಸೆಲ್ಯುಲೋಸ್, ಅಂದರೆ ಹತ್ತಿಯಂಥ ನಾರನ್ನು ಆಮ್ಲದಲ್ಲಿ ಹದ ಮಾಡಿದ್ದು. ಕೆಲವಕ್ಕೆ ನೈಟ್ರೋಗ್ಲಿಸರಿನ್ ಸೇರಿಸುತ್ತಾರೆ.

ಎರಡಕ್ಕೂ ಇರುವ ದೊಡ್ಡ ವ್ಯತ್ಯಾಸ ಹೊಗೆಯದ್ದಲ್ಲ, ಉರಿಯುವ ರೀತಿಯದ್ದು. ಕರಿಮದ್ದಿನ ಉರಿ ಸುತ್ತಲಿನ ಒತ್ತಡ ಏರಿದರೂ ಅಷ್ಟೇನೂ ಬದಲಾಗುವುದಿಲ್ಲ. ಹೊಗೆರಹಿತ ಮದ್ದು ಹಾಗಲ್ಲ. ಒತ್ತಡ ಏರಿದಷ್ಟೂ ಬೇಗ ಉರಿಯುತ್ತದೆ, ಬೇಗ ಉರಿದಷ್ಟೂ ಒತ್ತಡ ಏರುತ್ತದೆ. ಒಂದು ಹಂತ ದಾಟಿದ ಮೇಲೆ ಯಾರ ಕೈಯಲ್ಲೂ ಇಲ್ಲ. ಮೇಲಾಗಿ ಅಷ್ಟೇ ಅಳತೆಯ ಕರಿಮದ್ದಿಗಿಂತ ಇದರಲ್ಲಿ ಶಕ್ತಿ ಬಹಳ ಜಾಸ್ತಿ. ಕೇಪಿನ ಕೋವಿಯ ನಳಿಗೆ ಕರಿಮದ್ದಿಗೆಂದೇ ಮಾಡಿದ್ದು. ಅದರೊಳಗೆ ಹೊಗೆರಹಿತ ಮದ್ದು ಬಿದ್ದರೆ ಸ್ವಲ್ಪವೇ ಆದರೂ ಅಪಾಯ. "ಕಮ್ಮಿ ಹಾಕಿದ್ರೆ ಆಗ್ತದೆ" ಅನ್ನುವ ಮಾತು ಇಲ್ಲಿ ಸಲ್ಲುವುದೇ ಇಲ್ಲ.

ಒತ್ತಡ ಅಂದರೆ ಎಷ್ಟು ಅಂತ ಅಂದಾಜಿಗೆ ಹೇಳುತ್ತೇನೆ. ನಮ್ಮ ಕಾರಿನ ಟಯರಿಗೆ ಪೆಟ್ರೋಲ್ ಬಂಕಿನಲ್ಲಿ 30-35 ಪಿಎಸ್ಐ ಗಾಳಿ ಹಾಕಿಸುತ್ತೇವಲ್ಲ, ಹನ್ನೆರಡು ಬೋರಿನ ತೋಟೆಯೊಳಗೆ ಗರಿಷ್ಠ ಮಿತಿ 11,500 ಪಿಎಸ್ಐ. ಅಣ್ಣ ಬಳಸುವ .308 ರೈಫಲ್ಲಿನ ತೋಟೆಗೆ 62,000. ಇದೆಲ್ಲ ನಡೆಯುವುದು ಮುಖದಿಂದ ಒಂದು ಗೇಣು ದೂರದಲ್ಲಿ!

ಇಷ್ಟು ಹೇಳಿದರೆ "ಸರಿ, ಕರಿಮದ್ದು ಒಂದು, ಹೊಗೆರಹಿತ ಒಂದು, ಎರಡನ್ನು ಬೆರೆಸಬಾರದು, ಮುಗಿಯಿತಲ್ಲ" ಅಂದುಕೊಳ್ಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಅಣ್ಣ ನಕ್ಕ. ಹೊಗೆರಹಿತ ಮದ್ದಿನಲ್ಲೇ ನೂರಕ್ಕಿಂತ ಹೆಚ್ಚು ಜಾತಿ ಉಂಟಂತೆ, ಅವನ ತಲೆಬಿಸಿ ಶುರುವಾಗುವುದೇ ಅಲ್ಲಿಂದ.

ಅವನು ವಿವರಿಸಿದ್ದು ಹೀಗೆ. ಬಚ್ಚಲ ಒಲೆಗೆ ಒಣ ಮಡಲು ಹಾಕಿದರೆ ಭಗ್ಗನೆ ಉರಿದು ಮುಗಿಯುತ್ತದೆ, ತೆಂಗಿನ ಸಿಪ್ಪೆ ಹಾಕಿದರೆ ನಿಧಾನಕ್ಕೆ ಉರಿಯುತ್ತಾ ಹಂಡೆ ಕಾಯಿಸುತ್ತದೆ. ಮದ್ದಿನಲ್ಲೂ ಮಡಲಿನ ಜಾತಿ, ಸಿಪ್ಪೆಯ ಜಾತಿ ಅಂತ ಉಂಟು. ಪಿಸ್ತೂಲಿನ ನಳಿಗೆ ಗಿಡ್ಡ, ತೋಟೆಯಲ್ಲಿ ಜಾಗ ಕಡಿಮೆ, ಗುಂಡು ಹಗುರ. ಅದಕ್ಕೆ ಬೇಗ ಉರಿಯುವ ಮದ್ದು ಬೇಕು. ರೈಫಲ್ಲಿನಲ್ಲಿ ದೊಡ್ಡ ಕೊಳವೆಯ ಹೊಗೆಯೆಲ್ಲ ಸಪೂರ ನಳಿಗೆಯಲ್ಲಿ ಹೋಗಬೇಕು, ಗುಂಡು ಭಾರ. ಅಲ್ಲಿ ನಿಧಾನದ ಮದ್ದು ಬೇಕು. ಕೆಟ್ಟು ನಿಂತ ಜೀಪನ್ನು ನೂಕುವಾಗ ಹೆಗಲು ಕೊಟ್ಟು ಒಂದೇ ಸಮ ನೂಕುತ್ತೇವೆ ಹೊರತು ಸುತ್ತಿಗೆಯಲ್ಲಿ ಹೊಡೆಯುವುದಿಲ್ಲವಲ್ಲ, ಹಾಗೆ. ಇಲ್ಲಿ ನಿಧಾನ ಅಂದರೆ ನಮ್ಮ ನಿಧಾನ ಅಲ್ಲ ಮತ್ತೆ! ಗುಂಡು ರೈಫಲ್ಲಿನ ನಳಿಗೆ ದಾಟಲು ತೆಗೆದುಕೊಳ್ಳುವುದು ಹೆಚ್ಚುಕಡಿಮೆ ಒಂದು ಸೆಕೆಂಡಿನ ಸಾವಿರದ ಒಂದು ಭಾಗ. ಅಷ್ಟರೊಳಗಿನ ಬೇಗ, ನಿಧಾನ.

ಈ ವೇಗವನ್ನು ಕಾರ್ಖಾನೆಯವರು ಹಲ್ಲೆ, ಕಡ್ಡಿ, ಉಂಡೆ ಅಂತ ಕಾಳಿನ ಆಕಾರದಿಂದ, ದಪ್ಪದಿಂದ, ಮೇಲೆ ಹಚ್ಚುವ ಲೇಪದಿಂದ ನಿಯಂತ್ರಿಸುತ್ತಾರೆ. ಹೊರಗೆ ಗ್ರಾಫೈಟ್ ಹಚ್ಚುವುದರಿಂದ ಎಲ್ಲವೂ ಕಡು ಬೂದು ಬಣ್ಣ. ಪಿಸ್ತೂಲಿನ ಮದ್ದನ್ನೂ ರೈಫಲ್ಲಿನ ಮದ್ದನ್ನೂ ಅಂಗೈಯಲ್ಲಿ ಹಾಕಿಕೊಂಡು ಇದು ಯಾವುದು ಅಂತ ಬಣ್ಣ ನೋಡಿ ಹೇಳಲು ಮೂವತ್ತು ವರ್ಷ ಅನುಭವ ಇದ್ದವನಿಂದಲೂ ಆಗದು. ಬುಲ್ಸ್ ಐ ಅನ್ನುವುದು ಪಿಸ್ತೂಲಿಗೆ ಬಳಸುವ ಅತಿವೇಗದ ಮದ್ದು. ಅಣ್ಣ .308ಕ್ಕೆ ಬಳಸುವುದು ವಾರ್ಗೆಟ್ ಅಥವಾ ಐಎಂಆರ್ 4064, ಇವು ಮಧ್ಯಮ. ರೆಟುಂಬೊ ಅನ್ನುವುದು ದೊಡ್ಡ ಮ್ಯಾಗ್ನಮ್ ರೈಫಲ್ಲುಗಳಿಗೆ, ತುಂಬಾ ನಿಧಾನ. ವಾರ್ಗೆಟ್ ಹಾಕಬೇಕಾದ ಕೊಳವೆಗೆ ಅಷ್ಟೇ ತೂಕದ ಬುಲ್ಸ್ ಐ ಹಾಕಿದರೆ ಏನಾಗುತ್ತದೆ ಅಂತ ಕೇಳಿದೆ. "ಕೈಬಾಂಬು" ಅಂದ.

ಹೆಸರಿನಲ್ಲೂ ಮೋಸ ಉಂಟು. ಎಚ್ 4350 ಅಂತ ಒಂದು ಮದ್ದು, ಐಎಂಆರ್ 4350 ಅಂತ ಇನ್ನೊಂದು. ನಂಬರ್ ಒಂದೇ, ಮದ್ದು ಬೇರೆ, ಹಾಕಬೇಕಾದ ತೂಕವೂ ಬೇರೆ. ಒಂದರ ಲೆಕ್ಕ ಇನ್ನೊಂದಕ್ಕೆ ಹಾಕುವ ಹಾಗಿಲ್ಲ.

ಹಾಗಾದರೆ ಅವನು ಆರಿಸುವುದು ಹೇಗೆ? ನನಗೆ ಇಷ್ಟವಾದದ್ದು ಇಲ್ಲಿ. ಅವನು ಆರಿಸುವುದೇ ಇಲ್ಲವಂತೆ. ಮದ್ದಿನ ಕಂಪೆನಿಯವರು, ಗುಂಡಿನ ಕಂಪೆನಿಯವರು ಒತ್ತಡ ಅಳೆಯುವ ಯಂತ್ರ ಇಟ್ಟು ಪರೀಕ್ಷೆ ಮಾಡಿ ಪುಸ್ತಕ ಪ್ರಕಟಿಸುತ್ತಾರೆ. ಈ ತೋಟೆಗೆ, ಇಷ್ಟು ತೂಕದ ಈ ಗುಂಡಿಗೆ, ಈ ಮದ್ದು, ಇಷ್ಟರಿಂದ ಇಷ್ಟರವರೆಗೆ ಅಂತ. ಅದರಲ್ಲಿ ಇಲ್ಲದ ಜೋಡಿಯನ್ನು ಅವನು ಮುಟ್ಟುವುದಿಲ್ಲ. ಇದ್ದ ಜೋಡಿಯಲ್ಲೂ ಕೆಳಗಿನ ತುದಿಯಿಂದಲೇ ಶುರು ಮಾಡುತ್ತಾನೆ. ಗುಂಡಿನ ಕಂಪೆನಿಯೋ ಕೇಪಿನ ಕಂಪೆನಿಯೋ ಬದಲಾದರೆ ಪುನಃ ಕೆಳಗೆ ಇಳಿದು ಮೊದಲಿಂದ. ಎರಡು ಮೂರು ಮದ್ದು ಸರಿಹೊಂದುತ್ತವೆ ಎಂದಾದರೆ, ಕೊಳವೆಯನ್ನು ಹೆಚ್ಚು ತುಂಬುವಂಥದ್ದನ್ನು ತೆಗೆದುಕೊಳ್ಳುತ್ತಾನೆ. ಕಾರಣ ಬಹಳ ಸರಳ. ಮರೆತು ಎರಡು ಸಲ ಸುರಿದರೆ ಉಕ್ಕಿ ಹೊರಗೆ ಚೆಲ್ಲಬೇಕು, ಕಣ್ಣಿಗೆ ಬೀಳಬೇಕು. ಅರ್ಧವೇ ತುಂಬುವ ಮದ್ದಾದರೆ ಎರಡು ಸಲ ಬಿದ್ದದ್ದೂ ಗೊತ್ತಾಗುವುದಿಲ್ಲ. ಅವನ ಊರಿನಲ್ಲಿ ಬೇಸಿಗೆಯ ಸೆಖೆ ವಿಪರೀತ, ಹಾಗಾಗಿ ಬಿಸಿಗೆ ಒತ್ತಡ ಹೆಚ್ಚು ಏರದಂಥ ಮದ್ದು ಯಾವುದು ಅಂತಲೂ ನೋಡುತ್ತಾನೆ.

ತೂಕದ ಅಳತೆ 'ಗ್ರೇನ್'. ಒಂದು ಗ್ರೇನ್ ಅಂದರೆ ಸುಮಾರು 65 ಮಿಲಿಗ್ರಾಂ. ನಮ್ಮ ಅಕ್ಕಸಾಲಿಗರ ಗುಲಗಂಜಿಯ ಅರ್ಧದಷ್ಟು ಅಂತಿಟ್ಟುಕೊಳ್ಳಿ. ಅದರ ಹತ್ತನೇ ಒಂದು ಭಾಗದವರೆಗೆ ತಕ್ಕಡಿಯಲ್ಲಿ ನೋಡುತ್ತಾನೆ. ಮೇಜಿನ ಮೇಲೆ ಒಂದೇ ಮದ್ದಿನ ಡಬ್ಬಿ ಇರಬೇಕು, ಕೆಲಸ ಮುಗಿದ ಕೂಡಲೇ ಉಳಿದದ್ದು ಅದೇ ಡಬ್ಬಿಗೆ ಹೋಗಬೇಕು. ಲೇಬಲ್ ಹೋದ ಡಬ್ಬಿಯಲ್ಲಿ ಎಷ್ಟು ದುಬಾರಿಯ ಮದ್ದಿದ್ದರೂ ತೋಟೆಗೆ ಹಾಕುವುದಿಲ್ಲ.

ಮಾವ ಇದನ್ನೆಲ್ಲ ಕೇಳಿ ಒಂದೇ ಮಾತು ಹೇಳಿದ್ದು: "ನಂಗೆ ಆಗ ಇಷ್ಟು ಹೇಳುವವರು ಯಾರೂ ಇರ್ಲಿಲ್ಲ ನೋಡು."

ಈ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಯಾಕೆಂದರೆ ಅಪಘಾತ ಆದಾಗ ನಾವೆಲ್ಲ ಹೇಳುವುದು "ಹಳ್ಳಿಯವರು, ತಿಳುವಳಿಕೆ ಇಲ್ಲ" ಅಂತ. ತಿಳುವಳಿಕೆ ಇದ್ದವರು ತಪ್ಪು ಮಾಡಿಲ್ಲವೇ? ಬ್ರಿಟಿಷ್ ಸೈನ್ಯದ .303 ರೈಫಲ್ 1888ರಲ್ಲಿ ಬಂದಾಗ ಅದರ ತೋಟೆಯಲ್ಲಿ ಕರಿಮದ್ದೇ ಇತ್ತು. ಕೆಲವೇ ವರ್ಷದಲ್ಲಿ ಅದೇ ತೋಟೆಗೆ ಕಾರ್ಡೈಟ್ ತುಂಬಿಸಿದರು. ಕಾರ್ಡೈಟಿನ ಬಿಸಿಗೆ ಲೀ-ಮೆಟ್‌ಫರ್ಡ್ ರೈಫಲ್ಲಿನ ನಳಿಗೆಯೊಳಗಿನ ಆಳವಿಲ್ಲದ ಗೆರೆಗಳು ಸವೆದು ಹೋಗತೊಡಗಿದವು. ಕೊನೆಗೆ ನಳಿಗೆಯನ್ನೇ ಬದಲಿಸಿ 1895ರಲ್ಲಿ ಲೀ-ಎನ್‌ಫೀಲ್ಡ್ ತರಬೇಕಾಯಿತು. ಮದ್ದು ಬದಲಾದರೆ ಕೋವಿಯೇ ಬದಲಾಗಬೇಕು ಅನ್ನುವುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಇನ್ನೊಂದು ವಿಯೆಟ್ನಾಂ ಯುದ್ಧದ್ದು. ಎಂ-16 ರೈಫಲ್ಲನ್ನು ರೂಪಿಸುವಾಗ ಬಳಸಿದ್ದು ಕಡ್ಡಿ ಆಕಾರದ ಒಂದು ಮದ್ದು. ಅಮೆರಿಕದ ಸೈನ್ಯ ಆಮೇಲೆ ತೋಟೆಗಳಿಗೆ ಉಂಡೆ ಆಕಾರದ ಬೇರೆ ಮದ್ದು ತುಂಬಿಸಿತು. ರೈಫಲ್ ಹಾರುವ ವೇಗ ಹೆಚ್ಚಾಯಿತು, ಒಳಗೆ ಮಸಿ ಕಟ್ಟಿತು, ಕಾದಾಟದ ಮಧ್ಯೆ ಸಿಕ್ಕಿಬೀಳತೊಡಗಿತು. ಮದ್ದು ಒಂದೇ ಕಾರಣ ಅಲ್ಲ, ನಳಿಗೆಯ ಹಿಂಬದಿಗೆ ಕ್ರೋಮ್ ಲೇಪ ಇರಲಿಲ್ಲ, ಹುಡುಗರಿಗೆ ಸ್ವಚ್ಛಮಾಡುವ ಸಾಮಾನು ಸರಿಯಾಗಿ ಕೊಟ್ಟಿರಲಿಲ್ಲ. ಆದರೆ 1967ರಲ್ಲಿ ಅಲ್ಲಿನ ಸಂಸತ್ತಿನ ಉಪಸಮಿತಿ ವಿಚಾರಣೆ ಮಾಡಿದಾಗ ಮದ್ದು ಬದಲಿಸಿದ್ದನ್ನು ಕಟುವಾಗಿಯೇ ಟೀಕಿಸಿತು. ಅಷ್ಟು ದೊಡ್ಡ ದೇಶ, ಅಷ್ಟು ವಿಜ್ಞಾನಿಗಳು. ಅವರೇ "ಯಾವುದಾದರೇನು" ಅಂದುಕೊಂಡರೆ ಬಿದಿರಿನ ಅಂಡೆ ಹಿಡಿದ ನಮ್ಮ ಮಾವನದ್ದು ಯಾವ ಲೆಕ್ಕ ಹೇಳಿ.

ಈಗ ನಮ್ಮ ಊರಿನ ವಿಷಯಕ್ಕೆ ಬರುತ್ತೇನೆ.

ಮಗನಿಗೆ ನಾನು ಮೊದಲು ಹೇಳಿದ್ದು ಕಾನೂನು. ಅಣ್ಣನ ಟೆಕ್ಸಾಸಿನ ಹವ್ಯಾಸ ಇಲ್ಲಿ ನಡೆಯುವುದಿಲ್ಲ. 1959ರ ಆಯುಧ ಕಾಯ್ದೆಯ 5ನೇ ಕಲಮಿನ ಪ್ರಕಾರ ಮದ್ದುಗುಂಡು ತಯಾರಿಸಲು ಪ್ರತ್ಯೇಕ ಲೈಸೆನ್ಸ್ ಬೇಕು. ಕೋವಿಯ ಲೈಸೆನ್ಸ್ ಇದ್ದ ಮಾತ್ರಕ್ಕೆ ಮನೆಯಲ್ಲಿ ಕೂತು ತೋಟೆ ತುಂಬಿಸಲು ಅನುಮತಿ ಸಿಕ್ಕಿದ ಹಾಗಲ್ಲ. 2019ರ ತಿದ್ದುಪಡಿಯ ನಂತರ ಲೈಸೆನ್ಸ್ ಇಲ್ಲದ ತಯಾರಿಕೆಗೆ ಕನಿಷ್ಠ ಏಳು ವರ್ಷ ಜೈಲು, ಜೀವಾವಧಿಯವರೆಗೂ ಆಗಬಹುದು. ಯೂಟ್ಯೂಬಿನವನು ಇದನ್ನು ಹೇಳುವುದಿಲ್ಲ, ಅವನ ದೇಶದಲ್ಲಿ ಅದು ಇಲ್ಲ.

ಕಾನೂನು ಬಿಡಿ, ಹಾಕುವುದಕ್ಕೆ ಮದ್ದಾದರೂ ಎಲ್ಲಿಂದ? ಇಲ್ಲಿ ಹೆಸರು, ನಂಬರ್, ಪುಸ್ತಕ ಇರುವ ಮದ್ದಿನ ಡಬ್ಬಿ ಅಂಗಡಿಯಲ್ಲಿ ಸಾಲಾಗಿ ಇಟ್ಟಿರುವುದಿಲ್ಲ. ಸಿಗುವುದು ಬೇರೆ ತೋಟೆ ಕತ್ತರಿಸಿ ತೆಗೆದದ್ದು, ಇಲ್ಲದಿದ್ದರೆ ಸುಡುಮದ್ದಿನವರ ಹತ್ತಿರ ಕೇಳಿ ತಂದದ್ದು. ಎರಡಕ್ಕೂ ಲೇಬಲ್ ಇಲ್ಲ. ಅಣ್ಣನ ನಿಯಮದ ಪ್ರಕಾರ ಎರಡೂ ಎಸೆಯುವ ಮದ್ದು.

ಸುಡುಮದ್ದಿನ ವಿಷಯ ಸ್ವಲ್ಪ ಹೆಚ್ಚೇ ಹೇಳಬೇಕು. ನಮ್ಮ ಕಡೆ ಬೆಡಿ ಅಂದರೆ ಸಂಭ್ರಮ. ಪುತ್ತೂರು ಬೆಡಿ, ಕುಂಬಳೆ ಬೆಡಿ ಅಂತ ಊರಿನ ಹೆಸರಿನ ಜತೆಯೇ ಅದು ಅಂಟಿಕೊಂಡಿದೆ. ಕರಿಮದ್ದು, ಬೆಡಿ ಮದ್ದು ಎರಡೂ ಒಂದೇ ಅಂತ ನಂಬಿದವರು ಬಹಳ. ಆದರೆ ದೊಡ್ಡ ಸದ್ದಿನ ಪಟಾಕಿಗಳಲ್ಲಿ ಇರುವುದು ಲೋಹದ ಪುಡಿ ಸೇರಿದ ಮಿಶ್ರಣ. ಅದು ಒಡೆಯುವುದಕ್ಕೇ ಮಾಡಿದ್ದು, ಗುಂಡನ್ನು ನೂಕುವುದಕ್ಕೆ ಅಲ್ಲ. ಅದನ್ನು ನಳಿಗೆಯೊಳಗೆ ಹಾಕುವುದು ಅಂದರೆ ನಳಿಗೆಯನ್ನೇ ಪಟಾಕಿ ಮಾಡಿದ ಹಾಗೆ. ದಿನಾ ಅದರಲ್ಲೇ ಕೈಯಾಡಿಸುವವರಿಗೂ ಅದು ಕರುಣೆ ತೋರಿಸುವುದಿಲ್ಲ. 2024ರ ಜನವರಿಯಲ್ಲಿ ಬೆಳ್ತಂಗಡಿ ತಾಲೂಕಿನ ವೇಣೂರಿನ ಹತ್ತಿರ ಸುಡುಮದ್ದು ತಯಾರಿಸುವ ಕಡೆ ಸ್ಫೋಟವಾಗಿ ಮೂವರು ಸತ್ತರು. ಅದೇ ವರ್ಷ ಅಕ್ಟೋಬರಿನಲ್ಲಿ ಕಾಸರಗೋಡು ಜಿಲ್ಲೆಯ ನೀಲೇಶ್ವರದಲ್ಲಿ ಕಳಿಯಾಟದ ದಿನ ಸಂಗ್ರಹಿಸಿಟ್ಟ ಸುಡುಮದ್ದಿಗೆ ಬೆಂಕಿ ಬಿದ್ದು ನೂರೈವತ್ತಕ್ಕೂ ಹೆಚ್ಚು ಜನ ಗಾಯಗೊಂಡರು, ಕೆಲವರು ಆಮೇಲೆ ತೀರಿಕೊಂಡರು.

ಇನ್ನು ಶುದ್ಧ ಕರಿಮದ್ದೇ ಸಿಕ್ಕಿತು ಅಂತಿಟ್ಟುಕೊಳ್ಳಿ. ಅದರಲ್ಲೂ ಕಾಳಿನ ಗಾತ್ರ ಉಂಟು. ದಪ್ಪ ಕಾಳು ನಿಧಾನ, ಸಣ್ಣ ಕಾಳು ವೇಗ. ಮಳೆಗಾಲದಲ್ಲಿ ತೇವ ಕುಡಿದದ್ದನ್ನು ಬಿಸಿಲಿಗೆ ಒಣಗಿಸಿ ಬಳಸುವ ಅಭ್ಯಾಸ ನಮ್ಮಲ್ಲಿ ಉಂಟು. ತೇವಕ್ಕೆ ಉಪ್ಪು ಕರಗಿ ಜಾಗ ಬದಲಿಸುತ್ತದೆ, ಒಣಗುವಾಗ ಕಾಳು ಪುಡಿಯಾಗುತ್ತದೆ. ನೋಡಲು ಅದೇ ಮದ್ದು, ಉರಿಯುವುದು ಬೇರೆ ರೀತಿ. ಟಿಪ್ಪು 1784ರಲ್ಲಿ ಬೋಳೂರಿನಲ್ಲಿ ಕಟ್ಟಿಸಿದ ಸುಲ್ತಾನ್ ಬತ್ತೇರಿಗೆ ಹೋದವರು ಕೆಳಗೆ ಮದ್ದು ಇಡುತ್ತಿದ್ದ ಕೋಣೆ ಉಂಟು ಎಂದು ಕೇಳಿರುತ್ತೀರಿ. ಕದ್ರಿಯಿಂದ ಕೆಲವೇ ಕಿಲೋಮೀಟರ್. ಮದ್ದಿಗೂ ಪ್ರತ್ಯೇಕ ಜಾಗ ಬೇಕು ಅನ್ನುವುದು ಅವತ್ತಿನವರಿಗೇ ಗೊತ್ತಿತ್ತು. ನಾವು ಅಟ್ಟದಲ್ಲಿ, ಹೊಗೆ ಬರುವ ಒಲೆಯ ಮೇಲಿನ ಹಲಗೆಯಲ್ಲಿ ಬಿಸ್ಕುಟಿನ ಡಬ್ಬಿಯಲ್ಲಿ ಇಡುತ್ತೇವೆ.

ನನ್ನ ಅಭಿಪ್ರಾಯಕ್ಕೆ ಬರುತ್ತೇನೆ.

ಮದ್ದನ್ನು ಆರಿಸುವ ಅಧಿಕಾರ ಕೋವಿ ಹಿಡಿದವನದ್ದಲ್ಲ, ಕೋವಿ ಮಾಡಿದವನದ್ದು. ನಾವು ಮಾಡಬಹುದಾದದ್ದು ಅವನು ಹೇಳಿದ್ದನ್ನು ಕೇಳುವುದು ಮಾತ್ರ. ನಮ್ಮ ಭಾಷೆಯಲ್ಲಿ ಔಷಧಿಗೂ ಮದ್ದು, ಇದಕ್ಕೂ ಮದ್ದು. ಪಕ್ಕದ ಮನೆಯವರ ಬಿ.ಪಿ. ಮಾತ್ರೆ ನಮ್ಮ ಮಾತ್ರೆಯ ಬಣ್ಣದ್ದೇ ಇದೆ ಅಂತ ಯಾರೂ ನುಂಗುವುದಿಲ್ಲವಲ್ಲ, ಇದೂ ಅಷ್ಟೇ.

"ನಮ್ಮ ಅಜ್ಜಂದಿರು ಪುಸ್ತಕ ನೋಡಿ ಹಾಕಿದ್ದಾ?" ಅಂತ ಕೇಳುವವರು ಇದ್ದಾರೆ. ಅಜ್ಜಂದಿರ ಕಾಲದಲ್ಲಿ ಮನೆಗೆ ಬರುತ್ತಿದ್ದದ್ದು ಒಂದೇ ಜಾತಿಯ ಮದ್ದು, ಒಂದೇ ಜಾತಿಯ ಕೋವಿ. ಬಿದಿರಿನ ಅಂಡೆಯೇ ಅವರ ಪುಸ್ತಕ, ಅದು ಆ ಮದ್ದಿಗೆ ಸರಿಯಾಗಿಯೇ ಇತ್ತು. ನಾವು ಅಂಡೆ ಉಳಿಸಿಕೊಂಡು ಮದ್ದು ಬದಲಿಸಿದೆವು. ಹಿರಿಯರ ಅನುಭವವನ್ನು ಗೌರವಿಸುವುದಾದರೆ ಅದು ಯಾವುದಕ್ಕೆ ಸಂಬಂಧಪಟ್ಟ ಅನುಭವ ಎಂದೂ ನೋಡಬೇಕು.

ಇನ್ನೊಂದು ಕಡೆಯವರು "ಕೋವಿಯೇ ಬೇಡ, ಎಲ್ಲಾ ವಾಪಸ್ ತೆಗೆದುಕೊಳ್ಳಿ" ಅನ್ನುತ್ತಾರೆ. ಸಿಟಿಯಲ್ಲಿ ಕೂತು ನನಗೂ ಹಾಗೆ ಹೇಳುವುದು ಸುಲಭ. ಆದರೆ ವರ್ಷದ ಬೆಳೆ ಒಂದು ರಾತ್ರಿಯಲ್ಲಿ ಹೋಗುವುದನ್ನು ನೋಡಿದವರಿಗೆ ಹಾಗೆ ಹೇಳಲು ನನಗೆ ಬಾಯಿ ಬರುವುದಿಲ್ಲ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಆ ಕೋವಿ ಇರುವುದು ಬೇಟೆಗಲ್ಲ, ಸದ್ದು ಮಾಡಿ ಓಡಿಸಲಿಕ್ಕೆ. ಚುನಾವಣೆ ಬಂದಾಗ ಅದನ್ನೂ ಠಾಣೆಯಲ್ಲಿ ಇಟ್ಟು ಬರಬೇಕು ಎನ್ನುವಾಗ ರೈತರು ಗೋಳಾಡುವುದನ್ನು ಪ್ರತಿ ಸಲ ಪೇಪರಿನಲ್ಲಿ ಓದುತ್ತೇವೆ. ಪಕ್ಕದ ಕೊಡಗಿನಲ್ಲಿ ಕೊಡವರಿಗೆ ಮತ್ತು ಜಮ್ಮಾ ಭೂಮಿಯವರಿಗೆ ಲೈಸೆನ್ಸಿನಿಂದಲೇ ವಿನಾಯಿತಿ ಉಂಟು, 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಅದು ಸರಿಯೋ ತಪ್ಪೋ ಅನ್ನುವ ಚರ್ಚೆ ಬೇರೆ. ಲೈಸೆನ್ಸಿನಿಂದ ವಿನಾಯಿತಿ ಸಿಗಬಹುದು, ನಳಿಗೆಯೊಳಗಿನ ಒತ್ತಡದಿಂದ ಯಾರಿಗೂ ವಿನಾಯಿತಿ ಇಲ್ಲ.

ನನ್ನ ತಕರಾರು ಇರುವುದು ಸರಕಾರ ಕೋವಿಯ ಲೆಕ್ಕ ಮಾತ್ರ ಇಡುತ್ತದೆ ಎನ್ನುವುದರ ಬಗ್ಗೆ. ನಳಿಗೆ ಎಷ್ಟು, ನಂಬರ್ ಯಾವುದು, ನವೀಕರಣ ಯಾವಾಗ, ಎಲ್ಲ ಪುಸ್ತಕದಲ್ಲಿ ಉಂಟು. ಆ ಕೋವಿಗೆ ಯಾವ ಮದ್ದು ಹಾಕಬಾರದು ಅಂತ ರೈತನಿಗೆ ಅರ್ಥವಾಗುವ ಕನ್ನಡದಲ್ಲಿ ಒಂದು ಸಾಲು ಮಾವನ ಪುಸ್ತಕದಲ್ಲಿ ನಾನು ಹುಡುಕಿದೆ, ಸಿಗಲಿಲ್ಲ. 2016ರ ಆಯುಧ ನಿಯಮಗಳು ಹೊಸದಾಗಿ ಲೈಸೆನ್ಸ್ ಕೇಳುವವರಿಗೆ ಸುರಕ್ಷತೆಯ ತರಬೇತಿ ಇಟ್ಟಿವೆ. ಒಳ್ಳೆಯದೇ. ಆದರೆ ಅಪ್ಪನ ಕಾಲದ ಕೋವಿ, ಅಪ್ಪನ ಕಾಲದ ಲೈಸೆನ್ಸ್ ಇಟ್ಟುಕೊಂಡು ಎಪ್ಪತ್ತು ದಾಟಿದ ನಮ್ಮ ಮಾವನಂಥವರಿಗೆ? ನವೀಕರಣಕ್ಕೆ ಬಂದಾಗ ಅರ್ಧ ಗಂಟೆ ಕೂರಿಸಿ ಇಷ್ಟು ಹೇಳಿದರೆ ಸಾಕು: ಕೇಪಿನ ಕೋವಿಗೆ ತೋಟೆಯ ಮದ್ದು ಬೇಡವೇ ಬೇಡ, ಬೆಡಿ ಮದ್ದು ಬೇಡವೇ ಬೇಡ, ಲೇಬಲ್ ಇಲ್ಲದ್ದು ಬೇಡ, ಒದ್ದೆಯಾಗಿ ಒಣಗಿದ್ದು ಬೇಡ. ಒಡೆದ ಒಂದು ನಳಿಗೆಯನ್ನು ಎದುರಿಗೆ ಇಟ್ಟು ಹೇಳಿದರೆ ಇನ್ನೂ ಒಳ್ಳೆಯದು. ಇದಕ್ಕೆ ಕೋಟಿಗಟ್ಟಲೆ ಯೋಜನೆ ಏನೂ ಬೇಡ.

ಹೇಳುವುದರ ಜತೆಗೆ ಸರಿಯಾದ ಮದ್ದು ನ್ಯಾಯವಾದ ದಾರಿಯಲ್ಲಿ, ಡಬ್ಬಿಯ ಮೇಲೆ ಹೆಸರಿನೊಂದಿಗೆ, ತಾಲೂಕು ಮಟ್ಟದಲ್ಲಿ ಸಿಗುವ ಹಾಗೆಯೂ ಮಾಡಬೇಕು. ಕೋವಿಗೆ ಅನುಮತಿ ಕೊಟ್ಟು ಮದ್ದಿಗೆ ದಾರಿ ತೋರಿಸದಿದ್ದರೆ ಮನುಷ್ಯ ಕೈಗೆ ಸಿಕ್ಕಿದ್ದನ್ನು ಹಾಕುತ್ತಾನೆ. ಮಾವ ಮಾಡಿದ್ದೂ ಅದನ್ನೇ. ಅವತ್ತು ಹೊಳೆ ತುಂಬದೆ ಇದ್ದಿದ್ದರೆ ಅವರು ಪೇಟೆಗೇ ಹೋಗುತ್ತಿದ್ದರು.

ಅಣ್ಣ ವಾಪಸ್ ಹೋಗುವ ಹಿಂದಿನ ದಿನ ಮಾವನೂ ಊರಿಗೆ ಹೊರಟರು. ನಾನು ಬಸ್ಸಿಗೆ ಬಿಡಲು ಹೋಗಿದ್ದೆ. "ಮಾವ, ಆ ಬಿದಿರಿನ ಅಂಡೆ ಈಗಲೂ ಉಂಟಾ?" ಅಂತ ಕೇಳಿದೆ. ಉಂಟಂತೆ. ಅತ್ತೆ ಅದರಲ್ಲಿ ತರಕಾರಿ ಬೀಜ ಹಾಕಿ ಇಡುತ್ತಾರಂತೆ.

ಮಗ ಈಗ ಮದ್ದಿನ ಮಾತು ಎತ್ತುವುದಿಲ್ಲ. ಯೂಟ್ಯೂಬ್ ಬಿಟ್ಟಿಲ್ಲ, ಅದು ಬೇರೆ ವಿಷಯ. ನಿಮ್ಮ ಮನೆಯಲ್ಲೂ ಅಟ್ಟದ ಮೇಲೆ ಹಳೇ ಡಬ್ಬಿಯಲ್ಲಿ ಹೆಸರಿಲ್ಲದ ಕಪ್ಪು ಪುಡಿ ಇದ್ದರೆ ದಯವಿಟ್ಟು ಕೋವಿಗೂ ಹಾಕಬೇಡಿ, ಒಲೆಗೂ ಹಾಕಬೇಡಿ. ಗೊತ್ತಿದ್ದವರನ್ನು ಕರೆಸಿ ತೋರಿಸಿ. ಮಾವನ ಪರವಾಗಿ ನಾನು ಕೇಳಿಕೊಳ್ಳುವುದು ಇಷ್ಟೇ.